ಕಚೇರಿ ಗಡುವಿನೊಳಗೆ ಉತ್ತರ ಕೊಡದಿದ್ದರೆ ಅದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕನ್ನಡದಲ್ಲಿ ಕಾನೂನು ಓದುವವರಿಗಾಗಿ ಬಾಲ್ಕನ್ ದೇಶಗಳ ಆಡಳಿತ ಕಾನೂನಿನ ಮೇಲೆ ಒಂದು ಲೇಖನ ಬರೆಯುತ್ತಿದ್ದೇನೆ. ಸರ್ಕಾರಿ ಕಚೇರಿಗೆ ಒಂದು ಅರ್ಜಿ ಬಂದರೆ ಅದನ್ನು ಯಾರು ನೋಡಬೇಕು, ಎಷ್ಟು ದಿನದಲ್ಲಿ ತೀರ್ಮಾನಿಸಬೇಕು, ಅರ್ಜಿದಾರರ ಮಾತನ್ನು ಯಾವಾಗ ಕೇಳಬೇಕು, ತೀರ್ಮಾನ ಒಪ್ಪಿಗೆಯಾಗದಿದ್ದರೆ ಎಲ್ಲಿಗೆ ಹೋಗಬೇಕು, ಇಷ್ಟನ್ನೂ ಒಂದೇ ಕಾಯ್ದೆಯಲ್ಲಿ ಬರೆದಿಡುವ ಪದ್ಧತಿ ಅಲ್ಲಿದೆ. ಭಾರತದಲ್ಲಿ ಅಂಥ ಒಂದೇ ಕಾಯ್ದೆ ಇಲ್ಲ. ಸ್ವಲ್ಪ ಅಲ್ಲಿ, ಸ್ವಲ್ಪ ಇಲ್ಲಿ ಚದುರಿಕೊಂಡಿದೆ. ಉಳಿದದ್ದನ್ನು 'ಸಹಜ ನ್ಯಾಯ'ದ ಹೆಸರಿನಲ್ಲಿ ನ್ಯಾಯಾಲಯಗಳು ತುಂಬಿಕೊಟ್ಟಿವೆ. ಹಾಗಾಗಿ ಇದಕ್ಕೆ ಬೇಕಾದ ಕನ್ನಡ ಪದಗಳೂ ಒಂದೇ ಕಡೆ ಸಿಗುವುದಿಲ್ಲ.

ಪದಗಳ ಪ್ರಶ್ನೆಗೆ ಬರುವ ಮೊದಲು ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಇಲ್ಲದಿದ್ದರೆ ತೊಡಕು ಎಲ್ಲಿದೆ ಅನ್ನುವುದು ಗೊತ್ತಾಗುವುದಿಲ್ಲ.

ಆಸ್ಟ್ರಿಯಾ 1925ರಲ್ಲಿ ಇಂಥ ಒಂದು ಸಾಮಾನ್ಯ ಕಾಯ್ದೆ ಮಾಡಿತು. ಅಲ್ಲಿನ ಆಡಳಿತ ನ್ಯಾಯಾಲಯ ದಶಕಗಳಿಂದ ಕೊಟ್ಟಿದ್ದ ತೀರ್ಪುಗಳೇ ಅದಕ್ಕೆ ತಳಹದಿ. ಆಡಳಿತವನ್ನು ಸರಳ ಮಾಡಬೇಕು ಅನ್ನುವುದು ಆಗಲೂ ಇದ್ದ ಉದ್ದೇಶ. ಅದನ್ನು ನೋಡಿ 1928ರಲ್ಲಿ ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ, 1930ರಲ್ಲಿ ಯುಗೊಸ್ಲಾವಿಯಾ ತಮ್ಮ ತಮ್ಮ ಕಾಯ್ದೆ ಬರೆದುಕೊಂಡವು. ಯುದ್ಧದ ನಂತರ ಸಮಾಜವಾದಿ ಯುಗೊಸ್ಲಾವಿಯಾ 1956ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಅಲ್ಲಿನ ಜನ ಅದನ್ನು ಮೊದಲಕ್ಷರ ಸೇರಿಸಿ 'ಜ಼ುಪ್' ಅನ್ನುತ್ತಾರೆ. ದೇಶ ಒಡೆದ ಮೇಲೆ ಪ್ರತಿ ಗಣರಾಜ್ಯವೂ ಆ ಹಳೆಯ ಜ಼ುಪ್ ಅನ್ನೇ ಇಟ್ಟುಕೊಂಡು ಹೊರಟಿತು. ಆಮೇಲೆ ಒಬ್ಬೊಬ್ಬರಾಗಿ ಬದಲಿಸಿದರು. ಸ್ಲೊವೇನಿಯಾ 1999ರಲ್ಲಿ, ಕ್ರೊಯೇಷಿಯಾ 2009ರಲ್ಲಿ, ಮಾಂಟೆನೆಗ್ರೊ 2014ರಲ್ಲಿ, ಉತ್ತರ ಮ್ಯಾಸಿಡೋನಿಯಾ 2015ರಲ್ಲಿ, ಸೆರ್ಬಿಯಾ ಮತ್ತು ಕೊಸೊವೊ 2016ರಲ್ಲಿ ಹೊಸ ಕಾಯ್ದೆ ಮಾಡಿದವು. ಪಕ್ಕದ ಆಲ್ಬೇನಿಯಾ ಯುಗೊಸ್ಲಾವಿಯಾದ ಭಾಗವಾಗಿರಲಿಲ್ಲ, ಆದರೂ 2015ರಲ್ಲಿ ತನ್ನ ಆಡಳಿತ ಸಂಹಿತೆಯನ್ನು ಹೊಸದಾಗಿ ಬರೆಯಿತು. ಬಾಸ್ನಿಯಾದ ಸ್ಥಿತಿ ಮಾತ್ರ ಬೇರೆ. ಅಲ್ಲಿ ಒಂದೇ ದೇಶದಲ್ಲಿ ಇಂಥ ನಾಲ್ಕು ಕಾಯ್ದೆಗಳಿವೆ: ಕೇಂದ್ರಕ್ಕೆ ಒಂದು, ದೇಶದೊಳಗಿನ ಎರಡು ಸ್ವಾಯತ್ತ ಘಟಕಗಳಿಗೆ ಒಂದೊಂದು, ಬ್ರಚ್ಕೊ ಜಿಲ್ಲೆಗೆ ಇನ್ನೊಂದು.

ಇವರೆಲ್ಲ ಕೂತು ಒಂದೇ ಪಠ್ಯ ಬರೆದದ್ದಲ್ಲ. ಯುರೋಪಿಯನ್ ಒಕ್ಕೂಟ ಸೇರಬೇಕೆಂಬ ಆಸೆ ಎಲ್ಲರಿಗೂ ಇತ್ತು, ಸಲಹೆ ಕೊಟ್ಟವರೂ ಬಹುಪಾಲು ಆ ಒಕ್ಕೂಟದವರೇ. ಮಾಂಟೆನೆಗ್ರೊದ ಡಾನಿಲೊವ್‌ಗ್ರಾಡ್‌ನಲ್ಲಿ ಈ ದೇಶಗಳ ಅಧಿಕಾರಿಗಳು ಸೇರಿ ಕಲಿಯಲು ಒಂದು ಪ್ರಾದೇಶಿಕ ಆಡಳಿತ ಶಾಲೆಯೇ ಇದೆ. ಹಾಗಾಗಿ ಕಾಯ್ದೆಗಳು ಒಂದರ ಮುಖ ಒಂದು ಹೋಲುತ್ತವೆ. ಪದಗಳು ಕೂಡ. ಸೆರ್ಬಿಯನ್, ಕ್ರೊಯೇಷಿಯನ್, ಬಾಸ್ನಿಯನ್, ಮಾಂಟೆನೆಗ್ರಿನ್ ಮಾತಾಡುವವರು ಒಬ್ಬರ ಕಾಯ್ದೆಯನ್ನು ಇನ್ನೊಬ್ಬರು ಅನುವಾದ ಇಲ್ಲದೆ ಓದುತ್ತಾರೆ. ತೊಡಕು ಇರುವುದು ಇಲ್ಲೇ. ಪದ ಒಂದೇ, ಆದರೆ ಗಡಿ ದಾಟಿದರೆ ಅದರ ಪರಿಣಾಮ ಬೇರೆ. ಕನ್ನಡದ ಪದವೂ ಆ ಎರಡೂ ಪರಿಣಾಮಗಳಿಗೆ ಜಾಗ ಕೊಡುವಂತಿರಬೇಕು.

ಮೊದಲು ಸುಲಭದ್ದು. ಅವರ 'ಪೊಸ್ತುಪಾಕ್' ಅನ್ನುವುದಕ್ಕೆ ಕನ್ನಡದಲ್ಲಿ ಏನು? ನಿಘಂಟುಗಳು 'ಕಾರ್ಯವಿಧಾನ', 'ಪ್ರಕ್ರಿಯೆ' ಕೊಡುತ್ತವೆ. 'ದಂಡ ಪ್ರಕ್ರಿಯಾ ಸಂಹಿತೆ' ಅನ್ನುವ ಹೆಸರಂತೂ ನಮಗೆ ರೂಢಿಯಾಗಿದೆ. ಆದರೆ ನನ್ನ ಮನಸ್ಸು 'ನಡವಳಿ' ಕಡೆಗಿದೆ. ಕರ್ನಾಟಕ ಸರ್ಕಾರದ ಯಾವ ಆದೇಶ ತೆಗೆದರೂ ನೆತ್ತಿಯ ಮೇಲೆ 'ಕರ್ನಾಟಕ ಸರ್ಕಾರದ ನಡವಳಿಗಳು' ಎಂದಿರುತ್ತದೆ. ಪಂಚಾಯಿತಿ ಸಭೆಗೂ ನಡವಳಿ ಪುಸ್ತಕ ಇರುತ್ತದೆ. ಅಂದರೆ ಆಡಳಿತಕ್ಕೆ ಬೇಕಾದ ಪದವನ್ನು ಆಡಳಿತವೇ ಬಳಸಿ ಪಳಗಿಸಿದೆ. ಅಲ್ಲಿನ ಪೊಸ್ತುಪಾಕ್ ಕೂಡ ಹೆಜ್ಜೆ ಇಡುವುದು ಎಂಬ ಅರ್ಥದ ಧಾತುವಿನಿಂದಲೇ ಬಂದದ್ದು, ನಮ್ಮದು 'ನಡೆ'ಯಿಂದ ಬಂದಂತೆ.

ಇದರಲ್ಲಿ ಇನ್ನೊಂದು ಅನುಕೂಲ ಇದೆ, ಅದೇ ನನ್ನನ್ನು ಒಪ್ಪಿಸಿದ್ದು. ಸೆರ್ಬಿಯಾದ 2016ರ ಕಾಯ್ದೆ 'ಪೊಸ್ತುಪಾಕ್' ಜೊತೆಗೆ 'ಪೊಸ್ತುಪಾನ್ಯೆ' ಎಂಬ ಇನ್ನೊಂದು ಪದವನ್ನೂ ಬಳಸುತ್ತದೆ. ಮೊದಲನೆಯದು ಅರ್ಜಿ ಸಾಗುವ ಕ್ರಮ. ಎರಡನೆಯದು ಜನರೊಂದಿಗೆ ಕಚೇರಿ ನಡೆದುಕೊಳ್ಳುವ ರೀತಿ, ಅಂದರೆ ಆದೇಶ ಕೊಡುವುದಷ್ಟೇ ಅಲ್ಲ, ಒಪ್ಪಂದ ಮಾಡಿಕೊಳ್ಳುವುದು, ಸಾರ್ವಜನಿಕ ಸೇವೆ ಒದಗಿಸುವುದು ಎಲ್ಲ. ಕಾಯ್ದೆಯ ವ್ಯಾಪ್ತಿ ಹಿಗ್ಗಿದ್ದು ಈ ಎರಡನೇ ಪದದ ಮೂಲಕ. ಕನ್ನಡದಲ್ಲಿ 'ನಡವಳಿ', 'ನಡವಳಿಕೆ' ಅಂದರೆ ಸಾಕು, ಜೋಡಿ ಹಾಗೆಯೇ ಕೂತುಬಿಡುತ್ತದೆ. 'ಪ್ರಕ್ರಿಯೆ' ಹಿಡಿದರೆ ಎರಡನೆಯದಕ್ಕೆ ಇನ್ನೊಂದು ಸಂಸ್ಕೃತ ಪದ ಹುಡುಕಬೇಕು, ಎರಡರ ನಂಟೂ ಕಾಣುವುದಿಲ್ಲ. 'ಆಡಳಿತ ನಡವಳಿ ಕಾಯ್ದೆ' ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ನಡವಳಿ ಅಂದ ತಕ್ಷಣ ಸಭೆಯ ವರದಿ ಮಾತ್ರ ನೆನಪಿಗೆ ಬರುತ್ತದೆ ಅನ್ನುವವರಿದ್ದರೆ ದಯವಿಟ್ಟು ಹೇಳಿ.

'ಸರಳೀಕರಣ'ದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ಪದ ಕೇಳಿದರೆ ಭಾಷೆ ಸುಲಭ ಮಾಡಿದ್ದೋ, ಹಂತಗಳನ್ನು ಕಡಿಮೆ ಮಾಡಿದ್ದೋ ಗೊತ್ತಾಗುವುದಿಲ್ಲ. ಅಲ್ಲಿ ನಡೆದದ್ದು ಎರಡನೆಯದು ಜಾಸ್ತಿ. ಹಳೆಯ ಜ಼ುಪ್‌ನಲ್ಲಿ 300ರ ಆಸುಪಾಸು ಕಲಂಗಳಿದ್ದವು, ಕ್ರೊಯೇಷಿಯಾದ ಹೊಸದರಲ್ಲಿ 171 ಇವೆ. ನಾನು 'ಹಂತ ಇಳಿಸುವುದು', 'ಅಲೆದಾಟ ತಪ್ಪಿಸುವುದು' ಎಂದು ಬಿಡಿಸಿ ಬರೆಯುತ್ತಿದ್ದೇನೆ.

ಅಲೆದಾಟ ಅಂದೆನಲ್ಲ, ಎರಡನೇ ತೊಡಕು ಅಲ್ಲಿಂದಲೇ. ಸೆರ್ಬಿಯಾದ ಹೊಸ ಕಾಯ್ದೆಯ ಒಂದು ಮುಖ್ಯ ನಿಯಮ ಹೀಗಿದೆ: ಸರ್ಕಾರದ ಒಂದು ಕಚೇರಿಯ ದಾಖಲೆಯಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ಇನ್ನೊಂದು ಕಚೇರಿ ಜನರಿಂದ ಕೇಳುವಂತಿಲ್ಲ. ಜನನ ಪ್ರಮಾಣಪತ್ರ ಬೇಕೇ, ಅರ್ಜಿ ನೋಡುವ ಕಚೇರಿಯೇ ಆ ದಾಖಲೆ ಇರುವ ಕಚೇರಿಯಿಂದ ತರಿಸಿಕೊಳ್ಳಬೇಕು. ಕಾಯ್ದೆಯ ಬಹುಪಾಲು 2017ರ ಜೂನ್ 1ರಿಂದ ಜಾರಿಗೆ ಬಂತು, ಆದರೆ ಈ ನಿಯಮವನ್ನು ಅದಕ್ಕೂ ಮೊದಲೇ ಜಾರಿ ಮಾಡಿದರು. ಅಷ್ಟು ಅವಸರ ಇತ್ತು. ಇದಕ್ಕಾಗಿ ಕಚೇರಿಗಳ ನಡುವೆ ಕಂಪ್ಯೂಟರ್ ಜೋಡಣೆ ಮಾಡಿ 'ಇ-ಜ಼ುಪ್' ಎಂದು ಹೆಸರಿಟ್ಟರು.

ಹೀಗೆ ಕಚೇರಿ ತಾನೇ ಮಾಹಿತಿ ತರಿಸಿಕೊಳ್ಳುವುದಕ್ಕೆ ಅವರ ಕಾನೂನಿನಲ್ಲಿ 'ಹುದ್ದೆಯ ಕರ್ತವ್ಯವಾಗಿ' ಎಂಬ ಅರ್ಥದ ನುಡಿಗಟ್ಟಿದೆ. ಕನ್ನಡಕ್ಕೆ ತರುವಾಗ ಕೈ ತಾನಾಗಿ 'ಸ್ವಯಂಪ್ರೇರಿತ' ಕಡೆಗೆ ಹೋಗುತ್ತದೆ. ನ್ಯಾಯಾಲಯ ಸ್ವಯಂಪ್ರೇರಿತವಾಗಿ ದೂರು ದಾಖಲಿಸಿಕೊಂಡಿತು ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವಲ್ಲ. ಆದರೆ ಸ್ವಯಂಪ್ರೇರಿತ ಅಂದರೆ ಮನಸ್ಸು ಬಂದರೆ ಮಾಡುವುದು. ಇಲ್ಲಿ ಮನಸ್ಸಿನ ಪ್ರಶ್ನೆಯೇ ಇಲ್ಲ, ಮಾಡಲೇಬೇಕು, ಮಾಡದ ಅಧಿಕಾರಿಗೆ ದಂಡ ಕೂಡ ಇದೆ. ಇನ್ನು 'ಪದನಿಮಿತ್ತ' ಅನ್ನೋಣ ಅಂದರೆ ಅದು ಪದನಿಮಿತ್ತ ಅಧ್ಯಕ್ಷರು, ಪದನಿಮಿತ್ತ ಸದಸ್ಯರು ಅನ್ನುವ ಕಡೆ ಗಟ್ಟಿಯಾಗಿ ಕೂತಿದೆ. ಸದ್ಯಕ್ಕೆ 'ಕಚೇರಿಯೇ ತರಿಸಿಕೊಳ್ಳತಕ್ಕದ್ದು' ಎಂದು ಕ್ರಿಯಾಪದದಲ್ಲೇ ಮುಗಿಸಿದ್ದೇನೆ. ನಾಮಪದ ಬೇಕೇ ಬೇಕು ಅನ್ನುವ ಕಡೆ 'ಕಚೇರಿಯ ಹೊಣೆ' ಅಂದಿದ್ದೇನೆ. ಇದಕ್ಕಿಂತ ಒಳ್ಳೆಯದು ಸಿಕ್ಕರೆ ಸಂತೋಷ.

ಈಗ ಮುಖ್ಯವಾದದ್ದು.

ಅರ್ಜಿ ಕೊಟ್ಟಿದ್ದೀರಿ. ಗಡುವು ಮುಗಿಯಿತು. ಸೆರ್ಬಿಯಾದಲ್ಲಾದರೂ ಕ್ರೊಯೇಷಿಯಾದಲ್ಲಾದರೂ ಸಾಮಾನ್ಯ ಗಡುವು ಒಂದೇ: ನೇರವಾಗಿ ತೀರ್ಮಾನಿಸಬಹುದಾದ ಅರ್ಜಿಗೆ 30 ದಿನ, ವಿಚಾರಣೆ ಬೇಕಾದ ಅರ್ಜಿಗೆ 60 ದಿನ. ಕಚೇರಿ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಈ ಸ್ಥಿತಿಗೆ ಸೆರ್ಬಿಯನ್‌ನಲ್ಲಿ 'ಚುತಾನ್ಯೆ', ಕ್ರೊಯೇಷಿಯನ್‌ನಲ್ಲಿ 'ಶುತ್ನ್ಯಾ', ಸ್ಲೊವೇನಿಯನ್‌ನಲ್ಲಿ 'ಮೊಲ್ಕ್', ಮ್ಯಾಸಿಡೋನಿಯನ್‌ನಲ್ಲಿ 'ಮೊಲ್ಚೆನ್ಯೆ' ಅನ್ನುತ್ತಾರೆ. ಎಲ್ಲದರ ಅರ್ಥ ಆಡಳಿತದ ಮೌನ. ಆಲ್ಬೇನಿಯನ್ ಪದ 'ಹೆಶ್ತ್ಯೆ' ಬೇರೆ ಬುಡದ್ದು, ಅರ್ಥ ಅದೇ.

ಮೌನ ಅಂದ ತಕ್ಷಣ ಕನ್ನಡಿಗರ ಬಾಯಿಗೆ ಬರುವ ಮುಂದಿನ ಪದ ಯಾವುದು? 'ಸಮ್ಮತಿ' ಅಲ್ವಾ. 'ಮೌನಂ ಸಮ್ಮತಿ ಲಕ್ಷಣಂ' ಅನ್ನುವುದನ್ನು ಸಂಸ್ಕೃತ ಬಾರದವರೂ ಹೇಳುತ್ತಾರೆ. ಮದುವೆಗೆ ಹೆಣ್ಣು ಕೇಳುವ ಮಾತಿನಿಂದ ಹಿಡಿದು ಸಭೆಯ ಒಪ್ಪಿಗೆವರೆಗೆ ಅದು ಬಳಕೆಯಲ್ಲಿದೆ. ಹಾಗಾಗಿ 'ಆಡಳಿತದ ಮೌನ' ಎಂದು ಬರೆದರೆ ಓದುವವರು ಅದನ್ನು ಅರ್ಜಿ ಮಂಜೂರಾಯಿತು ಎಂದೇ ತಿಳಿಯುವ ಅಪಾಯ ಇದೆ. ಹಳೆಯ ಜ಼ುಪ್‌ನಲ್ಲಿ ಅದರ ಪರಿಣಾಮ ಪೂರ್ತಿ ತಿರುಗು ಮುರುಗು. ಕಚೇರಿ ಮೌನವಾಗಿದ್ದರೆ ಅರ್ಜಿ ನಿರಾಕರಣೆ ಆಯಿತು ಎಂದು ಭಾವಿಸಬೇಕಿತ್ತು.

ಇದು ಕೇಳಲು ಕ್ರೂರ ಅನಿಸುತ್ತದೆ. ಆದರೆ ಅದನ್ನು ಮಾಡಿದ್ದು ಜನರ ಪರವಾಗಿಯೇ. ಮೇಲ್ಮನವಿ ಹಾಕಬೇಕಾದರೆ ಎದುರಿಗೆ ಒಂದು ಆದೇಶ ಬೇಕು. ಆದೇಶವೇ ಕೊಡದೆ ಕೂತರೆ ಮೇಲ್ಮನವಿಯ ಬಾಗಿಲೂ ಮುಚ್ಚಿದಂತೆ. ಅದಕ್ಕೇ ಕಾನೂನು 'ನಿರಾಕರಿಸಿದೆ ಎಂದು ಭಾವಿಸಿಕೋ, ಮೇಲಿನವರ ಹತ್ತಿರ ಹೋಗು' ಅನ್ನುತ್ತದೆ. ನಮ್ಮಲ್ಲೂ ಇದು ಹೊಸದಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲಿ 30 ದಿನದೊಳಗೆ ಉತ್ತರ ಬಾರದಿದ್ದರೆ ಕೋರಿಕೆ ನಿರಾಕರಿಸಿದಂತೆ ಎಂದೇ 7ನೇ ಕಲಂ ಹೇಳುತ್ತದೆ. ಅಲ್ಲಿಂದ ಮೊದಲ ಮೇಲ್ಮನವಿ ಶುರು. ಆ ಕಾಯ್ದೆ ಬಳಸಿದ ಸಾವಿರಾರು ಕನ್ನಡಿಗರು ಈ 'ಮೌನ ನಿರಾಕರಣೆ'ಯನ್ನು ಹೆಸರಿಲ್ಲದೆಯೇ ಬಲ್ಲರು.

ಹೊಸ ಕಾಯ್ದೆಗಳು ಬಂದಾಗ ದಾರಿ ಕವಲೊಡೆಯಿತು. ಯುರೋಪಿಯನ್ ಒಕ್ಕೂಟದ 2006ರ ಸೇವಾ ನಿರ್ದೇಶನ, ವ್ಯಾಪಾರ ಪರವಾನಗಿಯಂಥ ಅರ್ಜಿಗಳಿಗೆ ಗಡುವಿನಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆ ಎಂದು ಹೇಳಿತ್ತು. ಆ ಗಾಳಿ ಬಾಲ್ಕನ್ ದೇಶಗಳಿಗೂ ಬೀಸಿತು. ಆಲ್ಬೇನಿಯಾದ 2015ರ ಸಂಹಿತೆ 'ಮೌನದಲ್ಲಿ ಅನುಮೋದನೆ' ಎಂಬ ಹೆಸರಿಟ್ಟೇ ಒಂದು ಕಲಂ ಸೇರಿಸಿತು. ಕ್ರೊಯೇಷಿಯಾ ನಡುವಿನ ದಾರಿ ಹಿಡಿಯಿತು. ವಿಶೇಷ ಕಾಯ್ದೆ ಹಾಗೆಂದು ಹೇಳಿದ ಕಡೆ ಮಾತ್ರ ಅರ್ಜಿ ಒಪ್ಪಿದಂತೆ, ಉಳಿದ ಕಡೆ ಮೇಲ್ಮನವಿಯ ದಾರಿ. ಸೆರ್ಬಿಯಾದಲ್ಲಿ ಹಳೆಯ ಪದ್ಧತಿಯೇ ಮೂಲ ನಿಯಮ. ಒಂದೇ ತಾಯಿ ಕಾಯ್ದೆಯಿಂದ ಬಂದವರು, ಒಂದೇ ಪದ ಆಡುವವರು, ಆದರೆ ಗಡಿಯ ಈಚೆ ಮೌನ ಅಂದರೆ ಇಲ್ಲ, ಆಚೆ ಮೌನ ಅಂದರೆ ಕೆಲವೊಮ್ಮೆ ಹೌದು.

ನಮ್ಮ ರಾಜ್ಯದಲ್ಲೂ ಎರಡನೇ ಬಗೆಗೆ ಉದಾಹರಣೆ ಇದೆ. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 95ನೇ ಕಲಂನಲ್ಲಿ, ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಲು ಕೊಟ್ಟ ಅರ್ಜಿಗೆ ಜಿಲ್ಲಾಧಿಕಾರಿ ನಾಲ್ಕು ತಿಂಗಳಲ್ಲಿ ತೀರ್ಮಾನ ತಿಳಿಸದಿದ್ದರೆ ಅನುಮತಿ ಕೊಟ್ಟಂತೆ ಭಾವಿಸಬೇಕು ಎಂದು ಬರೆದಿದ್ದರು. ಭಾಷೆ ಗಮನಿಸಿ. ನಮ್ಮ ಕಾನೂನು ಕನ್ನಡ ಇಂಥ ಕಡೆ 'ಎಂದು ಭಾವಿಸತಕ್ಕದ್ದು' ಅನ್ನುತ್ತದೆ. ಅದು ಒಳ್ಳೆಯ ನುಡಿಗಟ್ಟು. ನಡೆಯದೇ ಇದ್ದದ್ದನ್ನು ನಡೆದಂತೆ ಎಣಿಸುವುದು ಅಂತ ನೇರವಾಗಿ ಹೇಳುತ್ತದೆ. ಆದರೆ ಅದರಿಂದ ನಾಮಪದ ಮಾಡಲು ಹೋದರೆ 'ಪರಿಭಾವಿತ ಅನುಮೋದನೆ' ಎಂಬಲ್ಲಿಗೆ ಬಂದು ನಿಲ್ಲುತ್ತೇವೆ. ಅರ್ಜಿ ಕೊಟ್ಟ ರೈತನಿಗೆ ಅದು ತಲುಪುವುದಿಲ್ಲ.

ನನ್ನ ಸಲಹೆ ಹೀಗಿದೆ. ಸ್ಥಿತಿಗೆ ಒಂದು ಪದ, ಪರಿಣಾಮಗಳಿಗೆ ಎರಡು ಪದ. ಸ್ಥಿತಿಗೆ 'ಕಚೇರಿ ಮೌನ'. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಪರಿಣಾಮ ಹೌದು ಆದರೆ 'ಮೌನ ಮಂಜೂರಿ', ಇಲ್ಲ ಆದರೆ 'ಮೌನ ನಿರಾಕರಣೆ'. 'ಮಂಜೂರು' ಸಾಲದಿಂದ ಹಿಡಿದು ರಜೆಯವರೆಗೆ ಎಲ್ಲರಿಗೂ ಗೊತ್ತಿರುವ ಪದ. 'ಸಮ್ಮತಿ'ಯನ್ನು ಬೇಕೆಂದೇ ಬಿಟ್ಟಿದ್ದೇನೆ. ಸಮ್ಮತಿ ಮನುಷ್ಯರ ಮನಸ್ಸಿನದು. ಇಲ್ಲಿ ಅಧಿಕಾರಿಯ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಲೆಕ್ಕಕ್ಕೇ ಇಲ್ಲ, ಗಡುವು ಕಳೆಯಿತು ಅನ್ನುವುದಷ್ಟೇ ಲೆಕ್ಕ.

ಆದರೂ ಒಂದು ಅಳುಕು ಉಳಿದಿದೆ. 'ಮೌನ' ಕನ್ನಡದಲ್ಲಿ ಗೌರವದ ಪದ. ಮೌನವ್ರತ, ಮೌನಾಚರಣೆ ಅನ್ನುತ್ತೇವೆ. ಬೇಕೆಂದು ಹಿಡಿದ ಮೌನ ಅದು. ಕಡತದ ಮೇಲೆ ಕೂತವರ ನಿಷ್ಕ್ರಿಯತೆಗೆ ಆ ಗೌರವ ಯಾಕೆ? ಕನ್ನಡದಲ್ಲಿ ಅದಕ್ಕೆ 'ಸುಮ್ಮನಿರುವುದು' ಅನ್ನುವ ಪದ ಇದೆ. ಮಾತಾಡದೆ ಇರುವುದು, ಏನೂ ಮಾಡದೆ ಇರುವುದು, ಎರಡೂ ಒಂದೇ ಪದದಲ್ಲಿದೆ. ಇಲ್ಲಿ ಬೇಕಾದ್ದು ಸರಿಯಾಗಿ ಅದೇ. 'ಕಚೇರಿ ಸುಮ್ಮನಿದ್ದು ಗಡುವು ಕಳೆದರೆ ಅರ್ಜಿ ಮಂಜೂರಾದಂತೆ ಭಾವಿಸತಕ್ಕದ್ದು' ಅಂತ ಬರೆದರೆ ಯಾರಿಗೆ ಅರ್ಥವಾಗುವುದಿಲ್ಲ? ಕಾಯ್ದೆಗೆ ಇದು ತೀರಾ ಆಡುಮಾತಾಯಿತು ಅನ್ನುವ ಆಕ್ಷೇಪ ಬರಬಹುದು. ನನಗೆ ಹಾಗೆ ಅನಿಸುವುದಿಲ್ಲ. ಜನರ ಹಕ್ಕನ್ನು ಹೇಳುವ ವಾಕ್ಯ ಜನರ ಮಾತಿನಲ್ಲೇ ಇರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. 'ಸಕಾಲ'ವನ್ನೇ ನೋಡಿ. 2011ರ ಆ ಅಧಿನಿಯಮದ ಮೊದಲ ಹೆಸರಿನಲ್ಲಿ 'ಸೇವೆಗಳ ಖಾತರಿ' ಅಂತಿತ್ತು, ಆಮೇಲೆ ಹೆಸರೇ ಸಕಾಲ ಆಯಿತು. ಇವತ್ತು 'ಸಕಾಲ ನಂಬರ್ ಕೊಡಿ' ಎಂದು ಕೌಂಟರಿನಲ್ಲಿ ಕೇಳುವವರಿಗೆ ಅಧಿನಿಯಮದ ಪೂರ್ಣ ಹೆಸರು ಗೊತ್ತಿರಬೇಕಾಗಿಲ್ಲ. ಅಂದಹಾಗೆ, ಸಕಾಲದಲ್ಲಿ ಮೌನ ಮಂಜೂರಿ ಇಲ್ಲ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಮತ್ತು ಮೇಲ್ಮನವಿ, ಇಷ್ಟೇ.

ಮೌನ ಮಂಜೂರಿಗೆ ಇನ್ನೊಂದು ತೊಂದರೆ ಇದೆ. ಅರ್ಜಿ ಮಂಜೂರಾಯಿತು ಅಂತ ಕಾನೂನು ಹೇಳಿತು, ಸರಿ. ಕೈಯಲ್ಲಿ ಕಾಗದ ಎಲ್ಲಿ? ಬ್ಯಾಂಕಿನವರಿಗೆ ಏನು ತೋರಿಸುವುದು? ಕ್ರೊಯೇಷಿಯಾದ ಕಾಯ್ದೆ ಇದನ್ನು ಮುಂಚೆಯೇ ಯೋಚಿಸಿದೆ. ಅರ್ಜಿ ಒಪ್ಪಿದಂತಾಗಿದೆ ಎಂದು ದೃಢಪಡಿಸುವ ಆದೇಶವನ್ನು ಅರ್ಜಿದಾರರು ಕೇಳಬಹುದು, ಕಚೇರಿ ಎಂಟು ದಿನದೊಳಗೆ ಕೊಡಬೇಕು. ಇದನ್ನು ಬರೆಯುವಾಗ ನನಗೆ ಹೊಳೆದದ್ದು 'ಹಿಂಬರಹ'. ಕರ್ನಾಟಕದ ಕಚೇರಿಗಳಲ್ಲಿ ಇದಕ್ಕಿಂತ ಜೀವಂತ ಪದ ಇನ್ನೊಂದು ಇದೆಯೋ ಇಲ್ಲವೋ. 'ಆಗುವುದಿಲ್ಲ ಅಂದರೆ ಹಿಂಬರಹ ಕೊಡಿ ಸ್ವಾಮಿ' ಎಂದು ಕೇಳಲು ಕಲಿತವರನ್ನು ಕಚೇರಿ ಬೇರೆಯೇ ಕಣ್ಣಿನಿಂದ ನೋಡುತ್ತದೆ. ಆದರೆ ಹಿಂಬರಹ ಬಹುಪಾಲು 'ಇಲ್ಲ' ಎಂದು ಹೇಳಲು ಬಳಕೆ. 'ಹೌದು' ಎಂದು ದೃಢಪಡಿಸುವ ಕಾಗದಕ್ಕೂ ಹಿಂಬರಹ ಅನ್ನಬಹುದೇ? ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವರು ಇದ್ದರೆ ನಿಮ್ಮ ಅನುಭವ ಬೇಕು.

ಉಳಿದ ಎರಡು ಪ್ರಶ್ನೆಗಳನ್ನು ಬೇಗ ಕೇಳಿಬಿಡುತ್ತೇನೆ. ಅರ್ಜಿಯನ್ನು ಒಳಗೆ ನೋಡದೆಯೇ, ಗಡುವು ಮೀರಿದೆ ಅಥವಾ ಅರ್ಹರಲ್ಲದವರು ಕೊಟ್ಟಿದ್ದಾರೆ ಎಂದು ತಳ್ಳುವುದಕ್ಕೆ ಅವರಲ್ಲಿ ಒಂದು ಕ್ರಿಯಾಪದ, ಪೂರ್ತಿ ವಿಚಾರಿಸಿ ಇಲ್ಲ ಅನ್ನುವುದಕ್ಕೆ ಇನ್ನೊಂದು. ನಾವು ಎರಡಕ್ಕೂ 'ತಿರಸ್ಕರಿಸಲಾಗಿದೆ' ಎಂದು ಮೊಹರು ಹಾಕುತ್ತೇವೆ. ವ್ಯತ್ಯಾಸ ದೊಡ್ಡದು. ಮೊದಲನೆಯದಾದರೆ ಸರಿಪಡಿಸಿಕೊಂಡು ಮತ್ತೆ ಅರ್ಜಿ ಕೊಡಲು ದಾರಿ ಇರುತ್ತದೆ. ಮೊದಲನೆಯದಕ್ಕೆ 'ತಳ್ಳಿಹಾಕು', ಎರಡನೆಯದಕ್ಕೆ 'ನಿರಾಕರಿಸು' ಎಂದು ಗೆರೆ ಎಳೆದಿದ್ದೇನೆ. 'ವಜಾ' ನ್ಯಾಯಾಲಯದ್ದು, ಜೊತೆಗೆ ಕೆಲಸದಿಂದ ವಜಾ ಮಾಡುವುದೂ ನೆನಪಾಗುತ್ತದೆ, ಅದಕ್ಕೇ ಬಿಟ್ಟೆ.

ಇನ್ನೊಂದು, ಸೆರ್ಬಿಯಾದ ಕಾಯ್ದೆಯ 'ಪ್ರಿಗೊವೊರ್'. ಆದೇಶದ ಮೇಲೆ ಹೋಗುವುದು ಮೇಲ್ಮನವಿ. ಆದೇಶವೇ ಇಲ್ಲದ ಕಡೆ, ಉದಾಹರಣೆಗೆ ಸೇವೆ ಕೊಟ್ಟ ರೀತಿ ಸರಿಯಿಲ್ಲ ಅಥವಾ ಒಪ್ಪಂದದಂತೆ ನಡೆದುಕೊಂಡಿಲ್ಲ ಅನ್ನುವಾಗ, ಅದೇ ಕಚೇರಿಯ ಮುಖ್ಯಸ್ಥರಿಗೆ ಕೊಡುವುದು ಪ್ರಿಗೊವೊರ್. ಅದು ಮೇಲಕ್ಕೆ ಹೋಗುವುದಿಲ್ಲ, ಹಾಗಾಗಿ 'ಮೇಲ್' ಸೇರಿಸುವಂತಿಲ್ಲ. 'ದೂರು' ಅಂದರೆ ಪೊಲೀಸ್ ಠಾಣೆ ಕಣ್ಣೆದುರು ಬರುತ್ತದೆ. 'ತಕರಾರು' ನನಗೆ ಇಷ್ಟ, ಆದರೆ ಹಳೆ ಮೈಸೂರಿನ ಕಡೆ ತಕರಾರು ಅಂದರೆ ಖಾತೆ ಬದಲಾವಣೆಗೆ ಮೂರನೆಯವರು ಎತ್ತುವ ಅಡ್ಡಿ. 'ಅಹವಾಲು' ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಬೇಡಿಕೊಳ್ಳುವ ಧ್ವನಿ ಇದೆ. ಪ್ರಿಗೊವೊರ್ ಬೇಡಿಕೆಯಲ್ಲ, ಹಕ್ಕು.

ಧಾರವಾಡ, ಬೆಳಗಾವಿ ಕಡೆ ಮರಾಠಿ ಆಡಳಿತದಿಂದ ಉಳಿದ ಪದಗಳಿವೆ, 'ಠರಾವು' ಥರದವು. ಕಲಬುರಗಿ, ಬೀದರ್ ಕಡೆ ನಿಜಾಮರ ಕಾಲದ ಉರ್ದು ಪದಗಳಿವೆ. ಕಾಸರಗೋಡಿನ ಕನ್ನಡಿಗರು ಕೇರಳದ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕಿಗಾಗಿ ಇಷ್ಟು ವರ್ಷ ದನಿ ಎತ್ತಿದವರು, ಅವರ ಅರ್ಜಿ ನಮೂನೆಗಳಲ್ಲಿ ಏನಿದೆ ಅನ್ನುವ ಕುತೂಹಲ ನನಗೆ ಬಹಳ ಇದೆ. ನಿಮ್ಮ ಊರಿನ ಕಚೇರಿಯಲ್ಲಿ, ಅರ್ಜಿಗೆ ಉತ್ತರವೇ ಬಾರದಿದ್ದಾಗ ಜನ ಏನೆನ್ನುತ್ತಾರೆ? ಪ್ರಿಗೊವೊರ್‌ಗೆ ಹೊಂದುವ ಪದ ನಿಮ್ಮ ಕಡೆ ಇದೆಯೇ? ಪದದ ಜೊತೆ ಅದನ್ನು ಬಳಸುವ ಒಂದು ಇಡೀ ವಾಕ್ಯವನ್ನೂ ಬರೆದರೆ ನನಗೆ ಹೆಚ್ಚು ಉಪಯೋಗ.